ಪ್ರಿಂಟರ್‌ನಲ್ಲಿ ಹಾಳೆ ಸಿಕ್ಕಿಕೊಂಡಿದೆಯಾ? ಜಗ್ಗುವ ಮೊದಲು ಇದನ್ನು ನೋಡಿ

[ಅಂಗಡಿಯ ಮೇಜು. ಲೇಸರ್ ಪ್ರಿಂಟರ್‌ನ ದೀಪ ಮಿನುಗುತ್ತಿದೆ. ಹೊರಗೆ ಮಳೆಯ ಸದ್ದು.]

ನಮಸ್ಕಾರ್ರೀ ಎಲ್ಲರಿಗೂ. ಬೆಳಗಾವಿ ಟಿಳಕವಾಡಿಯ ನನ್ನ ಝೆರಾಕ್ಸ್ ಅಂಗಡಿಯಿಂದ ಮಾತಾಡುತ್ತಿದ್ದೇನೆ.

ಜೂನ್ ಬಂತು ಅಂದರೆ ನಮ್ಮಲ್ಲಿ ಮಳೆ, ಅಡ್ಮಿಷನ್ ಎರಡೂ ಒಟ್ಟಿಗೆ. ಉತಾರ, ಮಾರ್ಕ್ಸ್ ಕಾರ್ಡ್, ಆಧಾರ್ ಹಿಡಿದು ಬೆಳಿಗ್ಗೆಯೇ ಪಾಳಿ ಹಚ್ಚುತ್ತಾರೆ. ಅಂಥ ಹೊತ್ತಲ್ಲೇ ಪ್ರಿಂಟರ್ ಕರ್ ಅಂತ ಸದ್ದು ಮಾಡಿ ನಿಲ್ಲುತ್ತದೆ. ಕೈ ತಾನಾಗಿಯೇ ಹಾಳೆಯ ತುದಿಗೆ ಹೋಗುತ್ತದೆ, ಅಲ್ವಾ? ಅಲ್ಲೇ ತಡೆಯಿರಿ. ಹಾಳೆ ಸಿಕ್ಕಿಕೊಂಡು ಪ್ರಿಂಟರ್ ಕೆಡುವುದು ಕಡಿಮೆ. ನಾವು ಜಗ್ಗಿ ಕೆಡಿಸುವುದೇ ಜಾಸ್ತಿ.

ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಆಮೇಲೆ ಅರ್ಧ ಗಂಟೆ ಕಾಯಿರಿ. ಪಾಳಿ ಕಾಯುತ್ತಿರುವಾಗ ಇದು ಕಷ್ಟ, ನನಗೆ ಗೊತ್ತು. ಆದರೆ ಒಳಗೆ ಫ್ಯೂಸರ್ ಅಂತ ಒಂದು ಭಾಗವಿದೆ. ಟೋನರ್ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವುದು ಅದೇ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಕಾದ ತವಾಕ್ಕೆ ಬೆರಳು ಇಟ್ಟ ಹಾಗೆ.

[ಮುಂದಿನ ಮುಚ್ಚಳ ತೆರೆಯುತ್ತದೆ. ಟೋನರ್ ಹೊರಗೆ.]

ಟೋನರ್ ಡಬ್ಬಿ ತೆಗೆದ ಕೂಡಲೇ ಅದಕ್ಕೆ ಬಟ್ಟೆ ಮುಚ್ಚಿ. ಅದರಲ್ಲಿ ಹೊಳೆಯುವ ಡ್ರಮ್, ಅಂದರೆ ಅಕ್ಷರ ಮೂಡಿಸುವ ಉರುಳೆ ಇರುತ್ತದೆ; ಅದಕ್ಕೆ ಬೆಳಕೂ ಆಗದು, ಬೆರಳೂ ಆಗದು.

ಈಗ ಹತ್ತಿರ ಬನ್ನಿ. ಹಾಳೆ ಎತ್ತ ಹೊರಟಿತ್ತು, ನೋಡಿ. ಎರಡೂ ಕೈಯಿಂದ ಎರಡೂ ಅಂಚು ಹಿಡಿದು ಅತ್ತಲೇ ಮೆಲ್ಲಗೆ ಎಳೆಯಿರಿ. ಉಲ್ಟಾ ಜಗ್ಗಿದರೆ ದಾರಿಯಲ್ಲಿರುವ ಸೆನ್ಸರ್‌ನ ಸಣ್ಣ ಪ್ಲಾಸ್ಟಿಕ್ ಕಡ್ಡಿ ಮುರಿಯಬಹುದು. ಹಾಳೆ ಇನ್ನೂ ಟ್ರೇ ಬಾಯಲ್ಲೇ ಇದ್ದರೆ ಮಾತ್ರ ಟ್ರೇ ಪೂರ್ತಿ ತೆಗೆದು ಆ ಕಡೆಯಿಂದ ಬಿಡಿಸಿ. ಚಾಕು, ಸ್ಕ್ರೂಡ್ರೈವರ್ ಬೇಡವೇ ಬೇಡ.

ಹರಿಯಿತಾ? ತುಂಡುಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ, ಒಂದು ಪೂರ್ತಿ ಹಾಳೆ ಆಗುತ್ತದಾ ನೋಡಿ. ಒಮ್ಮೆ ನಾನು ಈ ಕೆಲಸ ಬಿಟ್ಟೆ. ಉಗುರಿನಷ್ಟು ಚೂರು ರೋಲರ್ ಪಕ್ಕದಲ್ಲೇ ಉಳಿದಿತ್ತು. ಇಡೀ ದಿನ ಪ್ರತಿ ಹಾಳೆಯೂ ಅಲ್ಲೇ ಸಿಕ್ಕಿಕೊಂಡಿತು. ಟಾರ್ಚ್ ಹಿಡಿದು ಹುಡುಕಿದಾಗಲೇ ಅದು ಕಂಡದ್ದು.

ಕೈಗೆ ಮಸಿ ಹತ್ತಿದರೆ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಬೇಡ, ಟೋನರ್ ಕರಗಿ ಅಂಟುತ್ತದೆ.

ನಿಮ್ಮದು ಇಂಕ್‌ಜೆಟ್ ಆದರೆ ಬಿಸಿಯ ಭಯವಿಲ್ಲ. ಕಾರ್ಟ್ರಿಜ್ ಓಡಾಡುವ ಗಾಡಿಯನ್ನು ಬಲವಂತವಾಗಿ ತಳ್ಳಬೇಡಿ, ಅಷ್ಟೇ.

[ಕ್ಯಾಮೆರಾ ಹಾಳೆಯ ಕಟ್ಟಿನ ಮೇಲೆ.]

ಇನ್ನು ನಮ್ಮ ಊರಿನ ಮಾತು. ಬೆಳಗಾವಿ ಮಳೆಯಲ್ಲಿ ಬಿಚ್ಚಿಟ್ಟ ಹಾಳೆ ತೇವ ಹೀರುತ್ತದೆ. ಮುಟ್ಟಿದರೆ ಮೆತ್ತಗಾಗಿರುತ್ತದೆ, ಅಂಚು ಸುರುಳುತ್ತದೆ. ಜಾಮ್ ಆಗುವುದು ಅದೇ. ಆ ದಿನಕ್ಕೆ ಬೇಕಾದಷ್ಟೇ ಟ್ರೇಗೆ ಹಾಕಿ, ಉಳಿದದ್ದು ಕವರ್‌ನಲ್ಲೇ ಇರಲಿ. ವಿಜಯಪುರದ ಬೇಸಿಗೆಯಲ್ಲಿ ತೊಂದರೆ ಬೇರೆ. ಒಣ ಹವೆಗೆ ಹಾಳೆಗಳು ಒಂದಕ್ಕೊಂದು ಅಂಟಿ ಎರಡೆರಡು ಒಳಗೆ ಹೋಗುತ್ತವೆ. ಹಾಕುವ ಮೊದಲು ಕಟ್ಟನ್ನು ಬೆರಳಲ್ಲಿ ಫರ್ ಅಂತ ಬಿಡಿಸಿ.

[ಮುಚ್ಚಳ ಮುಚ್ಚಿ, ಸ್ವಿಚ್ ಆನ್.]

ಒಂದು ಹಾಳೆ ಬಿಡೋಣ. ಬಂತು. ಅಂಚಲ್ಲಿ ಸ್ವಲ್ಪ ಮಸಿ ಕಾಣುತ್ತಿದೆಯಾ? ಅದು ಒಳಗೆ ಚೆಲ್ಲಿದ ಟೋನರ್. ಹೆದರಬೇಡಿ, ಇನ್ನೆರಡು ಹಾಳೆ ಬಿಟ್ಟರೆ ಹೋಗುತ್ತದೆ.