ರೆಬೆಕ್ಕಾ ಮತ್ತು ಗೆಳತಿಯರು

ಕೇಳುಗರಿಗೆ ನಮಸ್ಕಾರ.

ಚಳಿಗಾಲ. ಒಲೆಗೆ ಸೌದೆ ಇಲ್ಲ. ಗಂಡ ತೀರಿಕೊಂಡಿದ್ದಾನೆ, ಮಕ್ಕಳು ಹಸಿದು ಕೂತಿವೆ. ಬಾಗಿಲಿಗೆ ಯಾರೋ ಪುಣ್ಯಾತ್ಮರು ಬರುತ್ತಾರೆ. ಬ್ರೆಡ್ಡು ಕೊಡುತ್ತಾರೆ. ಹೋಗುವಾಗ, 'ನಮ್ಮ ಧರ್ಮಕ್ಕೆ ಬಂದುಬಿಡಿ' ಎಂದು ಮೆಲ್ಲಗೆ ಹೇಳುತ್ತಾರೆ. ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಡ ಯಹೂದಿ ಹೆಂಗಸರಿಗೆ ಇದೇ ಸಂಕಟ. ಹೊಟ್ಟೆಯ ಮಾತು ಕೇಳಬೇಕೋ, ಹಿರಿಯರ ದೇವರನ್ನು ಉಳಿಸಿಕೊಳ್ಳಬೇಕೋ?

ಈ ಸಂಕಟ ರೆಬೆಕ್ಕಾ ಗ್ರಾಟ್ಜ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಹುಟ್ಟಿದ್ದು 1781ರಲ್ಲಿ, ಅನುಕೂಲಸ್ಥ ವ್ಯಾಪಾರಿಗಳ ಮನೆಯಲ್ಲಿ. ಇಪ್ಪತ್ತರ ವಯಸ್ಸಿಗೇ ಊರಿನ ಕ್ರೈಸ್ತ ಹೆಂಗಸರ ಜೊತೆ ಸೇರಿ, ಕಷ್ಟಕ್ಕೆ ಬಿದ್ದವರಿಗೆ ನೆರವಾಗುವ ಸಂಘ ಕಟ್ಟಿದ್ದರು. ಅಲ್ಲಿನ ಒಳ್ಳೆಯತನವನ್ನೂ ಕಂಡಿದ್ದರು, ಮತಾಂತರದ ಒತ್ತಾಯವನ್ನೂ ಕಂಡಿದ್ದರು.

1819ರಲ್ಲಿ ಊರಿನ ಮಿಕ್ವೆ ಇಸ್ರೇಲ್ ಎಂಬ ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ಹೆಂಗಸರನ್ನು ಕೂಡಿಸಿಕೊಂಡು ಅವರು ಮಹಿಳಾ ಹೀಬ್ರೂ ಪರೋಪಕಾರ ಸಂಘವನ್ನು ಶುರುಮಾಡಿದರು. ಸಿನಗಾಗಿನ ಆಡಳಿತದಿಂದ ಹೊರಗೆ ನಡೆದ ಅಮೆರಿಕದ ಮೊದಲ ಯಹೂದಿ ದಾನಸಂಸ್ಥೆ ಅದು. ನಡೆಸಿದವರು ಹೆಂಗಸರೇ! ಅವರೇ ಮನೆಮನೆಗೆ ಹೋಗಿ ಕಷ್ಟ ವಿಚಾರಿಸುತ್ತಿದ್ದರು. ಊಟ, ಸೌದೆ, ಬಟ್ಟೆ ಒದಗಿಸಿದರು, ಮುಂದೆ ಕೆಲಸವನ್ನೂ ಹುಡುಕಿಕೊಟ್ಟರು. ರೆಬೆಕ್ಕಾ ಸುಮಾರು ನಲವತ್ತು ವರ್ಷ ಅದರ ಕಾರ್ಯದರ್ಶಿ. ಮದುವೆಯಾಗಲಿಲ್ಲ. ತೀರಿಕೊಂಡ ತಂಗಿಯ ಮಕ್ಕಳನ್ನು ಸಾಕಿದರು. ಮನೆತುಂಬ ಮಕ್ಕಳನ್ನು ನೋಡಿಕೊಳ್ಳುತ್ತಲೇ ಇಷ್ಟೆಲ್ಲ ಮಾಡಿದರಲ್ಲ ಎಂದು ನೆನೆದರೆ ಮನಸ್ಸು ತುಂಬಿಬರುತ್ತದೆ.

1855ರಲ್ಲಿ ಅವರ ಒತ್ತಾಸೆಯಿಂದ ಯಹೂದಿ ಮಕ್ಕಳಿಗೊಂದು ಆಶ್ರಯಧಾಮವೂ ಆಯಿತು. 1869ರಲ್ಲಿ ರೆಬೆಕ್ಕಾ ತೀರಿಕೊಂಡರು. ಸಂಘ ಆಮೇಲೂ ನೂರು ವರ್ಷಕ್ಕಿಂತ ಜಾಸ್ತಿ ನಡೆಯಿತು.

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಸಂಘದ ಹೆಂಗಸರು 1838ರಲ್ಲಿ ತೆರೆದ ಭಾನುವಾರದ ಶಾಲೆ. ಫೀಸಿಲ್ಲ. ಪಾಠ ಹೇಳುವವರೆಲ್ಲ ಹೆಂಗಸರು. ಹಸಿವು ನೀಗಿದರೆ ಸಾಲದು, ಮಕ್ಕಳಿಗೆ ತಾವು ಯಾರೆಂದು ಗೊತ್ತಿರಬೇಕು ಅಲ್ವಾ? ಆದರೆ ಯಹೂದಿ ಮಕ್ಕಳಿಗೆಂದು ಇಂಗ್ಲಿಷಿನಲ್ಲಿ ಪಠ್ಯಪುಸ್ತಕಗಳೇ ಇರಲಿಲ್ಲ. ಸಿಕ್ಕಿದ್ದು ಕ್ರೈಸ್ತರ ಭಾನುವಾರ ಶಾಲೆಗಳ ಪುಸ್ತಕ. ಹೆಂಗಸರು ಅದನ್ನೇ ತಂದರು. ಬೇಸಿಗೆಯ ಉದ್ದುದ್ದ ಹಗಲಲ್ಲಿ ಕೂತು, ತಮ್ಮ ಮಕ್ಕಳಿಗೆ ಹೊಂದದ ಸಾಲುಗಳ ಮೇಲೆ ಒಂದೊಂದಾಗಿ ಕಾಗದದ ಚೂರು ಅಂಟಿಸಿದರು.

ಮಕ್ಕಳು ಕೇಳಬೇಕಲ್ಲ! ಆ ಚೂರುಗಳ ಕೆಳಗೆ ಏನಿದೆಯೋ ಎಂದು ಬೆಳಕಿಗೆ ಹಿಡಿದು, ಅಂಚು ಎತ್ತಿ ಇಣುಕುತ್ತಿದ್ದವಂತೆ. ಅಂಟು ಗಟ್ಟಿಯಾಗಿತ್ತು. ಒಂದಕ್ಷರವೂ ಕಾಣಲಿಲ್ಲ.

ನಮಸ್ಕಾರ.