ಆಟದೊಳಗಿನ ಬಾಟಲಿ ಮೇಜಿನ ಮೇಲೆ: ರೆಸಿನ್ ಪ್ರಿಂಟ್, ಸಿಲಿಕೋನ್ ಅಚ್ಚು, ಎಪಾಕ್ಸಿ ಎರಕ

[ದೃಶ್ಯ: ಮೇಜಿನ ಮೇಲೆ ಕೆಂಪು ದ್ರವ ತುಂಬಿದಂತೆ ಕಾಣುವ ಬಾಟಲಿ. ಕೈಯೊಂದು ಅದನ್ನು ತಲೆಕೆಳಗು ಮಾಡುತ್ತದೆ, ದ್ರವ ಅಲುಗುವುದಿಲ್ಲ.]

ನಮಸ್ಕಾರ. ಧಾರವಾಡದಲ್ಲಿ ಚಿತ್ರೀಕರಿಸಿರುವ ಈ ವಿಡಿಯೋದಲ್ಲಿ, ವಿಡಿಯೋ ಗೇಮ್‌ಗಳಲ್ಲಿ ಕಾಣುವ ಔಷಧದ ಬಾಟಲಿಯೊಂದರ ಪ್ರತಿಕೃತಿಯನ್ನು ದ್ರವ ರಾಳವನ್ನು ಬೆಳಕಿನಿಂದ ಗಟ್ಟಿಗೊಳಿಸುವ ರೆಸಿನ್ ಪ್ರಿಂಟರ್, ರಬ್ಬರಿನಂಥ ಸಿಲಿಕೋನಿನ ಅಚ್ಚು ಮತ್ತು ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿಯ ಎರಕದ ಮೂಲಕ ಮಾಡುವ ಕ್ರಮವನ್ನು ವಿವರಿಸುತ್ತೇನೆ. 2011ರಲ್ಲಿ ಬಂದ ಸ್ಕೈರಿಮ್ ಆಟವನ್ನು ಆಡಿದವರಿಗೆ ಕೆಂಪು ಬಾಟಲಿ ಗಾಯ ಮಾಯಿಸುತ್ತದೆ, ನೀಲಿ ಬಾಟಲಿ ಮಂತ್ರಶಕ್ತಿ ಕೊಡುತ್ತದೆ, ಹಸಿರು ಬಾಟಲಿ ದಣಿವು ಕಳೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2015ರ ಫಾಲ್‌ಔಟ್ 4 ಆಟದಲ್ಲಿ ನ್ಯೂಕಾ-ಕೋಲಾ ಬಾಟಲಿ ರಾಕೆಟ್ಟಿನ ಆಕಾರದಲ್ಲಿದೆ. ಇಂಥ ಬಾಟಲಿಗಳಲ್ಲಿ ಗಾಜೇ ಪ್ರಧಾನ. ಆದ್ದರಿಂದ ಮಾಡಿದ ವಸ್ತು ಗಾಜಿನಂತೆ ಕಾಣದಿದ್ದರೆ ಆಕಾರ ಎಷ್ಟೇ ಸರಿಯಾಗಿದ್ದರೂ ಪ್ರಯೋಜನವಿಲ್ಲ. ಗಾಜಿನಂತೆ ಕಾಣುವುದು ದುಬಾರಿ ರೆಸಿನ್‌ನಿಂದಲೇ ಸಾಧ್ಯ ಎಂದು ಹಲವರು ಭಾವಿಸುತ್ತಾರೆ. ಅದನ್ನು ನಿರ್ಧರಿಸುವುದು ಮೇಲ್ಮೈ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಇಲ್ಲಿ ತೋರಿಸುವ ಪ್ರತಿಯೊಂದು ಹಂತವೂ ಮೇಲ್ಮೈಯನ್ನು ಕಾಪಾಡಿಕೊಳ್ಳುವ ಕೆಲಸವೇ ಆಗಿದೆ.

[ದೃಶ್ಯ: ಕಂಪ್ಯೂಟರ್ ಪರದೆಯಲ್ಲಿ ಬಾಟಲಿಯ ಅರ್ಧ ಆಕೃತಿಯ ರೇಖೆ, ಅದು ತಿರುಗಿ ಪೂರ್ಣ ಬಾಟಲಿಯಾಗುತ್ತದೆ.]

ಮೊದಲು ಮಾದರಿ. ಆಟದೊಳಗಿನ ಬಾಟಲಿಯನ್ನು ಅಳೆದು ನೇರವಾಗಿ ಪ್ರಿಂಟ್ ಮಾಡಲು ಹೊರಟರೆ ನಿರಾಶೆಯಾಗುತ್ತದೆ. ಆಟ ಸರಾಗವಾಗಿ ಓಡಲೆಂದು ಅದರ ದುಂಡು ಹೊಟ್ಟೆಯನ್ನು ಕೆಲವೇ ಚಪ್ಪಟೆ ಮುಖಗಳಿಂದ ಕಟ್ಟಿರುತ್ತಾರೆ. ಗಾಜಿನ ಮೇಲಿನ ಉಬ್ಬು ಗೆರೆಗಳು ಬಹುಪಾಲು ನಿಜವಾದ ಉಬ್ಬುಗಳಾಗಿರದೆ, ಬೆಳಕು ಹಾಗೆ ಬಿದ್ದಂತೆ ತೋರಿಸುವ ಚಿತ್ರಗಳಾಗಿರುತ್ತವೆ. ಆದ್ದರಿಂದ ಬಾಟಲಿಯನ್ನು ನೇರವಾಗಿ ಎದುರಿನಿಂದ ತೋರಿಸುವ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಂಡು, ಅದರ ಮೇಲೆ ಅರ್ಧ ಬಾಟಲಿಯ ಅಂಚಿನ ರೇಖೆಯನ್ನು ಎಳೆದು, ಬ್ಲೆಂಡರ್‌ನಂಥ ಸಾಫ್ಟ್‌ವೇರ್‌ನಲ್ಲಿ ಆ ರೇಖೆಯನ್ನು ನಡುಗಂಬದ ಸುತ್ತ ತಿರುಗಿಸಿ ಹೊಸದಾಗಿ ಕಟ್ಟುವುದು ಒಳ್ಳೆಯದು. ಗಾತ್ರವನ್ನು ಆಟದ ಪಾತ್ರದ ಅಂಗೈಗೆ ಹೋಲಿಸಿ ನಿರ್ಧರಿಸಬಹುದು. ನಾವಿಲ್ಲಿ ಎತ್ತರವನ್ನು 150 ಮಿಲಿಮೀಟರ್ ಎಂದು ಇಟ್ಟುಕೊಂಡಿದ್ದೇವೆ.

ಈಗಲೇ ಇನ್ನೊಂದು ಆಕೃತಿಯನ್ನೂ ಸಿದ್ಧಪಡಿಸಿಕೊಳ್ಳಿ. ಬಾಟಲಿಯ ಹೊಟ್ಟೆಗಿಂತ ಎಲ್ಲ ಕಡೆಯಿಂದ 4 ಮಿಲಿಮೀಟರ್ ಚಿಕ್ಕದಾದ, ಕುತ್ತಿಗೆಯ ಕೆಳಗೇ ನಿಲ್ಲುವ ಒಂದು ಗಟ್ಟಿ ತಿರುಳು ಅದು. ಒಳಗಿನ ಔಷಧ ಎಂದರೆ ಅದೇ. ಅದರ ಉಪಯೋಗವನ್ನು ಎರಕದ ಹಂತದಲ್ಲಿ ಹೇಳುತ್ತೇನೆ.

[ದೃಶ್ಯ: ರೆಸಿನ್ ಪ್ರಿಂಟರ್, ತಟ್ಟೆಯಿಂದ ನೇತಾಡುವ ಬೂದು ಬಣ್ಣದ ಬಾಟಲಿ.]

ಬೆಳಕಿನಿಂದ ದ್ರವವನ್ನು ಪದರ ಪದರವಾಗಿ ಗಟ್ಟಿಗೊಳಿಸುವ ವಿಧಾನವನ್ನು 1981ರಲ್ಲಿ ಜಪಾನಿನ ಹಿಡಿಯೊ ಕೊಡಾಮಾ ವಿವರಿಸಿದರು. ಅಮೆರಿಕದ ಚಕ್ ಹಲ್ ಅವರಿಗೆ 1986ರಲ್ಲಿ ಅದರ ಪೇಟೆಂಟ್ ದೊರೆಯಿತು. ಇಂದಿನ ಮನೆಬಳಕೆಯ ಯಂತ್ರಗಳಲ್ಲಿ 405 ನ್ಯಾನೊಮೀಟರ್ ತರಂಗಾಂತರದ ಬೆಳಕು ಎಲ್‌ಸಿಡಿ ಪರದೆಯ ಮೂಲಕ ಹಾದು, ತೊಟ್ಟಿಯ ತಳದ ತೆಳುವಾದ ಹಾಳೆಯ ಮೇಲಿರುವ ರೆಸಿನ್ನನ್ನು ಗಟ್ಟಿ ಮಾಡುತ್ತದೆ. ಪದರದ ದಪ್ಪ 0.05 ಮಿಲಿಮೀಟರ್ ಇದ್ದರೆ 150 ಮಿಲಿಮೀಟರ್ ಎತ್ತರಕ್ಕೆ 3000 ಪದರಗಳು ಬೇಕು, ಮತ್ತು ಒಂದು ಪದರಕ್ಕೆ 8 ಸೆಕೆಂಡು ಹಿಡಿದರೂ ಆರೂವರೆ ಗಂಟೆಗೆ ಮೇಲಾಗುತ್ತದೆ. ನಡುವೆ ಕರೆಂಟ್ ಹೋದರೆ, ಪ್ರಿಂಟರ್ ನಿಂತಲ್ಲಿಂದ ಮುಂದುವರಿದರೂ ನಿಂತ ಜಾಗದಲ್ಲಿ ಒಂದು ಗೆರೆ ಉಳಿಯುವ ಸಾಧ್ಯತೆ ಇರುವುದರಿಂದ, ಯುಪಿಎಸ್ ಇಲ್ಲದೆ ಇಷ್ಟು ಉದ್ದದ ಕೆಲಸವನ್ನು ಪ್ರಾರಂಭಿಸಬೇಡಿ.

ಪಾರದರ್ಶಕ ವಸ್ತುವಿಗೆ ಪಾರದರ್ಶಕ ರೆಸಿನ್ನಿನಲ್ಲೇ ಪ್ರಿಂಟ್ ತೆಗೆಯಬೇಕು ಎನಿಸುವುದು ಸಹಜ. ಆದರೆ ಇದು ಅಚ್ಚಿನ ಮೂಲಮಾದರಿ ಮಾತ್ರ. ಇದಕ್ಕೆ ಬೂದು ಬಣ್ಣದ ಸಾಮಾನ್ಯ ರೆಸಿನ್ನೇ ಉತ್ತಮ, ಏಕೆಂದರೆ ಬೂದು ಮೇಲ್ಮೈಯಲ್ಲಿ ಗೀರು, ತಗ್ಗು, ಪದರದ ಗೆರೆಗಳೆಲ್ಲ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಬಾಟಲಿಯನ್ನು ಟೊಳ್ಳಾಗಿಟ್ಟು, ಅದರ ಬಾಯಿ, ಪ್ರಿಂಟ್ ಅಂಟಿಕೊಂಡು ಮೇಲೇರುವ ಲೋಹದ ತಟ್ಟೆಯ ಕಡೆಗೆ ಬರುವಂತೆ ಸಪೋರ್ಟ್‌ಗಳ, ಅಂದರೆ ಆಧಾರದ ಸಣ್ಣ ಕಡ್ಡಿಗಳ, ಮೇಲೆ ಎತ್ತಿ ನಿಲ್ಲಿಸಬೇಕು. ಮುಚ್ಚಿದ ತಳವೇ ತಟ್ಟೆಯ ಕಡೆಗಿದ್ದರೆ ಟೊಳ್ಳು ಭಾಗವು ಬಟ್ಟಲಿನಂತೆ ಹಾಳೆಯನ್ನು ಹೀರಿ ಹಿಡಿಯುತ್ತದೆ. ಆಗ ಗೋಡೆ ಹರಿಯಬಹುದು ಅಥವಾ ಪ್ರಿಂಟ್ ತಟ್ಟೆಯಿಂದ ಕಳಚಬಹುದು. ಸಪೋರ್ಟಿನ ಗುರುತುಗಳು ಬಾಯಿಯ ಅಂಚಿನಲ್ಲಿ ಮಾತ್ರ ಬೀಳುವುದರಿಂದ ಅವನ್ನು ಉಜ್ಜಿ ತೆಗೆಯುವುದೂ ಸುಲಭ.

ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಬಾರದು. ಪದೇ ಪದೇ ತಾಗಿದರೆ ಅಲರ್ಜಿ ಹುಟ್ಟಬಹುದು, ಮತ್ತು ಹಾಗೆ ಹುಟ್ಟಿದ ಅಲರ್ಜಿ ಮತ್ತೆ ಹೋಗದೆ ಉಳಿಯಬಹುದು. ನೈಟ್ರೈಲ್ ಗ್ಲೌಸ್, ಕನ್ನಡಕ, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಮತ್ತು ಗಾಳಿ ಆಡುವ ಕೋಣೆ ಕಡ್ಡಾಯ. ಪ್ರಿಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆಯುವಾಗ ಹತ್ತಿರದಲ್ಲಿ ಒಲೆ, ದೀಪ ಇರಬಾರದು. ತೊಳೆದ ದ್ರಾವಣವನ್ನು ಗಟಾರಕ್ಕೆ ಸುರಿಯದೆ, ಪಾರದರ್ಶಕ ಡಬ್ಬಿಯಲ್ಲಿ ಬಿಸಿಲಿಗಿಟ್ಟು, ಗಟ್ಟಿಯಾಗಿ ತಳಕ್ಕಿಳಿದ ರೆಸಿನ್ನನ್ನು ಸೋಸಿ ತೆಗೆದರೆ ಅದೇ ಆಲ್ಕೊಹಾಲನ್ನು ಮತ್ತೊಮ್ಮೆ ಬಳಸಬಹುದು.

[ದೃಶ್ಯ: ನೀರಿನ ಬೋಗುಣಿ; ಪಾಲಿಶ್ ಪೇಪರ್‌ನಿಂದ ಬಾಟಲಿಯನ್ನು ಉಜ್ಜುತ್ತಿರುವ ಕೈಗಳು. ಈ ದೃಶ್ಯ ನಿಧಾನವಾಗಿ ಸಾಗಲಿ.]

ಇನ್ನು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಹೃದಯಭಾಗಕ್ಕೆ ಬರೋಣ. ಸಿಲಿಕೋನ್ ತಾನು ಮುಟ್ಟಿದ ಮೇಲ್ಮೈಯನ್ನು ಅತ್ಯಂತ ಸೂಕ್ಷ್ಮವಾಗಿ ನಕಲು ಮಾಡುತ್ತದೆ. ಮೂಲಮಾದರಿ ಮಾಸಲಾಗಿದ್ದರೆ ಅಚ್ಚಿನ ಒಳಮೈ ಮಾಸಲಾಗುತ್ತದೆ, ಆ ಅಚ್ಚಿನಲ್ಲಿ ಎರೆದ ಪ್ರತಿಯೊಂದು ಬಾಟಲಿಯೂ ಮಂಜು ಹಿಡಿದಂತೆ ಕಾಣುತ್ತದೆ. ಒಂದು ಮೂಲಮಾದರಿಗೆ ಹೊಳಪು ಕೊಟ್ಟರೆ ಅದರಿಂದ ಬರುವ ಎಲ್ಲ ಬಾಟಲಿಗಳಿಗೂ ಹೊಳಪು ತಾನಾಗಿ ಬರುತ್ತದೆ. ಇಲ್ಲಿ ಉಳಿಸಿದ ಶ್ರಮವನ್ನು ಮುಂದೆ ಪ್ರತಿ ಬಾಟಲಿಯ ಮೇಲೂ ಹಾಕಬೇಕಾಗುತ್ತದೆ.

240ರ ಪಾಲಿಶ್ ಪೇಪರ್‌ನಿಂದ (ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನಯ) ಶುರುಮಾಡಿ ಪದರದ ಗೆರೆಗಳನ್ನು ತೆಗೆಯಿರಿ. ಒಣಗಿದ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ನೀರು ಹಾಕಿಯೇ ಉಜ್ಜಬೇಕು. ನಂತರ ಪ್ರೈಮರ್ ಹೊಡೆದು ನೋಡಿದರೆ ಇಲ್ಲವೆಂದುಕೊಂಡಿದ್ದ ತಗ್ಗುಗಳು ಮತ್ತೆ ಎದ್ದು ಕಾಣುತ್ತವೆ. ಅವನ್ನು ತುಂಬಿ 400, 800, 1500, 2000 ಹೀಗೆ ಕ್ರಮವಾಗಿ ಏರಬೇಕು. ಒಂದು ಹಂತದ ಗೀರುಗಳನ್ನು ಮುಂದಿನ ಹಂತವೇ ಅಳಿಸಬೇಕಾದ್ದರಿಂದ ನಡುವಿನ ಒಂದನ್ನು ಬಿಟ್ಟರೂ ಅದರ ಹಿಂದಿನ ಗೀರುಗಳು ಕೊನೆಯವರೆಗೂ ಉಳಿಯುತ್ತವೆ. ಕೊನೆಗೆ ಕಾರುಗಳಿಗೆ ಹೊಡೆಯುವ ಹೊಳಪಿನ ಕ್ಲಿಯರ್ ಕೋಟ್ ಬೇಕು. ಸ್ಪ್ರೇ ಗನ್ ಇಲ್ಲದವರು ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕಡೆ ಕಾರು ಪೇಂಟ್ ಮಾಡುವವರಲ್ಲಿ ಕೇಳಿ ನೋಡಿ. ಬಾಗಿದ ಮೇಲ್ಮೈಯ ಮೇಲೆ ಬಣ್ಣ ಇಳಿಯದಂತೆ ಹೊಡೆಯುವ ಅವರ ಕೈಚಳಕ ಪುಸ್ತಕ ಓದಿ ಬರುವಂಥದ್ದಲ್ಲ. ಬಾಟಲಿಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಅಲುಗದ ನೇರ ಗೆರೆಯಾಗಿ ಕಾಣುವವರೆಗೆ ಅಚ್ಚಿನ ಕೆಲಸಕ್ಕೆ ಹೋಗಬಾರದು.

[ದೃಶ್ಯ: ಅರ್ಧ ಜೇಡಿಯಲ್ಲಿ ಹೂತಿಟ್ಟ ಬಾಟಲಿ, ಮೇಲಿನಿಂದ ಸಣ್ಣ ಧಾರೆಯಾಗಿ ಬೀಳುವ ಸಿಲಿಕೋನ್.]

ಎರಡು ಭಾಗದ ಅಚ್ಚು ನಮ್ಮ ಭಾಗದವರಿಗೆ ಹೊಸದೇನೂ ಅಲ್ಲ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಕಟ್ಟಿಗೆಯ ಅಚ್ಚುಗಳನ್ನು ಜೋಡಿಸಿ ಕಟ್ಟಿ, ಬಿಸಿ ಪಾಕ ಸುರಿದು, ಆರಿದ ಮೇಲೆ ಬಿಡಿಸುವುದನ್ನು ಹುಬ್ಬಳ್ಳಿ, ಗದಗ, ಹಾವೇರಿಯ ಅನೇಕ ಮನೆಗಳಲ್ಲಿ ನೋಡಿರುತ್ತೀರಿ. ನಾವು ಮಾಡುವುದೂ ತತ್ವದಲ್ಲಿ ಅದೇ. ಗಂಧಕವಿಲ್ಲದ ಮಾಡೆಲಿಂಗ್ ಜೇಡಿಯಲ್ಲಿ ಬಾಟಲಿಯನ್ನು ಅರ್ಧದವರೆಗೆ ಹೂತು, ಎರಡು ಭಾಗಗಳು ಜಾರದಂತೆ ಜೇಡಿಯಲ್ಲಿ ಅಲ್ಲಲ್ಲಿ ಗುಳಿ ಮಾಡಿ, ಸುತ್ತ ಗೋಡೆ ಕಟ್ಟಿ ಸಿಲಿಕೋನ್ ಸುರಿಯಬೇಕು. ಗಟ್ಟಿಯಾದ ಮೇಲೆ ಜೇಡಿ ತೆಗೆದು, ಸಿಲಿಕೋನಿನ ಮೇಲೆ ವ್ಯಾಸಲೀನ್ ಸವರಿ, ಎರಡನೇ ಅರ್ಧವನ್ನು ಸುರಿಯಬೇಕು. ವ್ಯಾಸಲೀನ್ ಮರೆತರೆ ಎರಡೂ ಅರ್ಧಗಳು ಒಂದೇ ಆಗಿ ಅಂಟಿಕೊಳ್ಳುತ್ತವೆ.

ಗಟ್ಟಿಯಾಗಲು ನೆರವಾಗುವ ಲೋಹದ ವೇಗವರ್ಧಕ ಪ್ಲಾಟಿನಮ್ಮಿನದೋ ಟಿನ್ನಿನದೋ (ತವರದ್ದೋ) ಎಂಬುದರ ಮೇಲೆ ಸಿಲಿಕೋನಿನಲ್ಲಿ ಎರಡು ಜಾತಿ. ಪ್ಲಾಟಿನಂ ವರ್ಗದ್ದು ಬಾಳಿಕೆ ಬರುತ್ತದೆ, ಕುಗ್ಗುವುದೂ ತೀರಾ ಕಡಿಮೆ. ಆದರೆ ರೆಸಿನ್ ಪ್ರಿಂಟಿನ ಮೇಲ್ಮೈಯಲ್ಲಿ ಉಳಿದಿರುವ ರಾಸಾಯನಿಕಗಳು ತಾಗಿದರೆ ಅದು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ, ಮತ್ತು ಹಾಗಾದಾಗ ಅಚ್ಚೂ ಮೂಲಮಾದರಿಯೂ ಒಟ್ಟಿಗೇ ಕೆಡುತ್ತವೆ. ಪ್ರಿಂಟನ್ನು ಪೂರ್ತಿ ಬೆಳಕಿಗೊಡ್ಡಿ, ಕ್ಲಿಯರ್ ಕೋಟಿನಿಂದ ಮುಚ್ಚಿ, ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸದೆ ಅದನ್ನು ಸುರಿಯಲೇಬಾರದು. ಟಿನ್ ವರ್ಗದ ಸಿಲಿಕೋನಿಗೆ ಈ ತೊಂದರೆ ಅಷ್ಟಾಗಿ ಇಲ್ಲ, ಬೆಲೆಯೂ ಕಡಿಮೆ. ಹೊಸಬರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಯಾವುದನ್ನು ಆರಿಸಿಕೊಂಡರೂ ಅದರ ಎರಡು ಘಟಕಗಳನ್ನು ಕಂಪನಿ ಹೇಳಿದ ಪ್ರಮಾಣದಲ್ಲಿ, ಅಂದಾಜಿನಲ್ಲಲ್ಲ, ತೂಕದ ಯಂತ್ರದಲ್ಲಿಟ್ಟು ಬೆರೆಸಬೇಕು. ತಿರುಳಿಗೂ ಪ್ರತ್ಯೇಕ ಅಚ್ಚು ಬೇಕು, ಆದರೆ ಅದರ ಮೂಲಮಾದರಿಗೆ ಹೊಳಪು ಬೇಕಾಗಿಲ್ಲ. 400ರ ಪೇಪರ್‌ವರೆಗೆ ಉಜ್ಜಿದರೆ ಸಾಕು. ಕಾರಣ ಮುಂದಿದೆ.

ಇಲ್ಲಿ ನಮ್ಮ ಹವಾಮಾನದ ಮಾತನ್ನೂ ಹೇಳಬೇಕು. ಟಿನ್ ವರ್ಗದ ಸಿಲಿಕೋನ್ ಗಟ್ಟಿಯಾಗಲು ಗಾಳಿಯ ತೇವ ಬೇಕು, ಆದ್ದರಿಂದ ಧಾರವಾಡದ ಮಳೆಗಾಲ ಅದಕ್ಕೆ ಅನುಕೂಲವಾಗಿದೆ. ಗದಗದ ಒಣ ಬೇಸಿಗೆಯಲ್ಲಿ ಅದೇ ಸಿಲಿಕೋನ್ ತಡಮಾಡಬಹುದು. ಎಪಾಕ್ಸಿಯ ವಿಷಯ ತದ್ವಿರುದ್ಧ: ತೇವ ಹೆಚ್ಚಿದ್ದರೆ ಅದರ ಮೇಲೆ ಮೇಣದಂಥ ಮಸುಕು ಪದರ ಕೂಡುತ್ತದೆ. ಹೀಗಾಗಿ ಅಚ್ಚನ್ನು ಮಳೆಗಾಲದಲ್ಲಿ ಮಾಡಿಟ್ಟುಕೊಂಡು ಎರಕವನ್ನು ದೀಪಾವಳಿಯ ನಂತರದ ಒಣ ದಿನಗಳಿಗೆ ಇಟ್ಟುಕೊಳ್ಳುವುದು ನನಗೆ ಸರಿಯೆನಿಸುವ ಕ್ರಮ. ಚಳಿಯಿಂದ ಎಪಾಕ್ಸಿ ಮಂದವಾಗಿದ್ದರೆ ಅದರ ಬಾಟಲಿಯನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ತೆಳುವಾಗಿ, ಗುಳ್ಳೆಗಳು ಬೇಗ ಮೇಲೇರುತ್ತವೆ.

[ದೃಶ್ಯ: ಮಾಸಲು ಕೆಂಪು ತಿರುಳು, ಅದನ್ನು ಪಾರದರ್ಶಕ ಎಪಾಕ್ಸಿಯಲ್ಲಿ ಅದ್ದಿದ ಕೂಡಲೇ ಮಾಸಲು ಮಾಯವಾಗುತ್ತದೆ.]

ಈಗ ಎರಕ. ತೆಳುವಾದ ಮೇಲ್ಪದರಕ್ಕೆಂದು ಮಾಡಿದ ಎಪಾಕ್ಸಿಯನ್ನು ಇಷ್ಟು ದಪ್ಪಕ್ಕೆ ಸುರಿದರೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಹೊರಹೋಗಲಾರದೆ ಎರಕ ಹಳದಿಗಟ್ಟುತ್ತದೆ, ಸೀಳಲೂಬಹುದು. ಆದ್ದರಿಂದ ಆಳದ ಎರಕಕ್ಕೆಂದೇ ತಯಾರಾದ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಬೇಕು. ಅದರ ಎರಡು ದ್ರವಗಳನ್ನು ನಿಧಾನವಾಗಿ ಕಲಕಿ, ಬೇರೊಂದು ಕಪ್ಪಿಗೆ ಸುರಿದು ಮತ್ತೊಮ್ಮೆ ಕಲಕಬೇಕು. ಮೊದಲ ಕಪ್ಪಿನ ಗೋಡೆಗೆ ಅಂಟಿದ, ಸರಿಯಾಗಿ ಬೆರೆಯದ ಭಾಗ ಎರಕಕ್ಕೆ ಬಂದರೆ ಅಲ್ಲಿ ಎಂದಿಗೂ ಗಟ್ಟಿಯಾಗದ ಕಲೆ ಉಳಿಯುತ್ತದೆ. ಮೊದಲು ಕೆಂಪು ಬಣ್ಣ ಬೆರೆಸಿದ ಎಪಾಕ್ಸಿಯಿಂದ ತಿರುಳನ್ನು ಎರೆಯಬೇಕು. ಬಣ್ಣ ಕೆಲವೇ ಹನಿ ಸಾಕು, ಏಕೆಂದರೆ ಕಪ್ಪಿನಲ್ಲಿ ತಿಳಿಯಾಗಿ ಕಂಡ ಕೆಂಪು, ಬಾಟಲಿಯ ದಪ್ಪದಲ್ಲಿ ಕಪ್ಪಾಗಿ ಕಾಣುತ್ತದೆ.

ಅಚ್ಚಿನಿಂದ ತೆಗೆದ ತಿರುಳು ಮಂಕಾಗಿರುತ್ತದೆ. ಅದರ ಮೇಲೆ ಪಾರದರ್ಶಕ ಎಪಾಕ್ಸಿ ಹರಿದ ಕೂಡಲೇ ಮಂಕು ಕಾಣೆಯಾಗುವುದನ್ನು ಈಗ ನೋಡಿದಿರಿ. ಉಜ್ಜಿದ ಗೀರುಗಳು ಮಸುಕಾಗಿ ಕಾಣುವುದು ಅಲ್ಲಿ ಗಾಳಿಯೂ ಎಪಾಕ್ಸಿಯೂ ಸಂಧಿಸಿ ಬೆಳಕು ಚದುರುವುದರಿಂದ. ಗೀರಿನೊಳಗೆ ಅದೇ ಎಪಾಕ್ಸಿ ತುಂಬಿದರೆ ಬೆಳಕಿಗೆ ಅಲ್ಲಿ ಬಾಗಲು ಕಾರಣವೇ ಉಳಿಯುವುದಿಲ್ಲ. ಎಪಾಕ್ಸಿ ಗಾಜಿನಂತೆ ಕಾಣುವುದಕ್ಕೂ ಇದೇ ಆಧಾರ. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಎಪಾಕ್ಸಿಯದೂ ಅದರ ಆಸುಪಾಸಿನಲ್ಲೇ ಇದೆ, ನೀರಿನದು 1.33. ಗಾಜು ಬೆಳಕನ್ನು ಬಾಗಿಸುವಷ್ಟೇ ಎಪಾಕ್ಸಿಯೂ ಬಾಗಿಸುವುದರಿಂದ ಅಂಚಿನ ಹೊಳಪು ಮತ್ತು ಹಿನ್ನೆಲೆಯ ತಿರುಚು ಗಾಜಿನಂತೆಯೇ ಕಾಣುತ್ತವೆ.

ತಿರುಳನ್ನು ಹೊರ ಅಚ್ಚಿನ ನಡುವೆ ನಿಲ್ಲಿಸಲು ತಂತಿ ಬಳಸಿದರೆ ತಂತಿ ಶಾಶ್ವತವಾಗಿ ಒಳಗೆ ಕಾಣುತ್ತಿರುತ್ತದೆ. ಅದೇ ಪಾರದರ್ಶಕ ಎಪಾಕ್ಸಿಯಿಂದ 4 ಮಿಲಿಮೀಟರ್ ದಪ್ಪದ ಚಿಕ್ಕ ಗುಬ್ಬಿಗಳನ್ನು ಎರೆದು ತಿರುಳಿಗೆ ಅಂಟಿಸಿದರೆ ಅವು ತಿರುಳನ್ನು ಗೋಡೆಯಿಂದ ದೂರವಿಟ್ಟು, ಸುತ್ತ ಎಪಾಕ್ಸಿ ತುಂಬಿದ ಮೇಲೆ ಕಣ್ಣಿಗೆ ಕಾಣದಂತಾಗುತ್ತವೆ. ಕುತ್ತಿಗೆಯೊಳಗೆ ಸಿಲಿಕೋನಿನ ಒಂದು ಬಿರಡೆ ಇಟ್ಟು, ಅಚ್ಚನ್ನು ತಲೆಕೆಳಗಾಗಿ ನಿಲ್ಲಿಸಿ, ಬಾಟಲಿಯ ತಳದ ಕಡೆಯಿಂದ ಸಣ್ಣ ಧಾರೆಯಾಗಿ ಸುರಿಯಬೇಕು. ಆಗ ಗುಳ್ಳೆಗಳು ತಳದ ಕಡೆಗೆ ಏರುತ್ತವೆ. ಆ ತಳವನ್ನು ಹೇಗೂ ಉಜ್ಜಿ ಸಮ ಮಾಡಬೇಕಾಗಿರುತ್ತದೆ. ಬಿರಡೆ ತೆಗೆದಾಗ ಉಳಿಯುವ ಟೊಳ್ಳಿನಲ್ಲಿ ಕಾರ್ಕ್ ಕೂರುತ್ತದೆ. ಪ್ರೆಶರ್ ಪಾಟ್ (ಎರಕವನ್ನು ಗಾಳಿಯ ಒತ್ತಡದಲ್ಲಿಡುವ ಪಾತ್ರೆ) ಇರುವವರು ಅದರ ನಿರ್ದಿಷ್ಟ ಮಿತಿಯೊಳಗೆ ಒತ್ತಡ ಕೊಟ್ಟು ಉಳಿದ ಗುಳ್ಳೆಗಳನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸಬಹುದು; ಅಡುಗೆಮನೆಯ ಕುಕ್ಕರನ್ನು ಈ ಕೆಲಸಕ್ಕೆ ಎಂದೂ ಬಳಸಬೇಡಿ.

[ದೃಶ್ಯ: ಅಚ್ಚು ಬಿಡಿಸುವ ಕೈಗಳು, ಕಾರ್ಕ್, ದಾರ ಮತ್ತು ಲೇಬಲ್ ಹಚ್ಚಿದ ಬಾಟಲಿ.]

ಎರಡು ಅರ್ಧಗಳು ಸೇರಿದ ಕಡೆ ಉಳಿಯುವ ಸಣ್ಣ ಏಣನ್ನು ಬ್ಲೇಡಿನಿಂದ ಕೆರೆದು, ಆ ಗೆರೆಯಷ್ಟೇ ಜಾಗವನ್ನು 2000ದವರೆಗೆ ಉಜ್ಜಿ ಪಾಲಿಶ್ ಮಾಡಿದರೆ ಬಾಟಲಿ ಸಿದ್ಧ. ಇದು ಪ್ರದರ್ಶನಕ್ಕೆ ಮಾತ್ರ. ಇದರ ಕುತ್ತಿಗೆಯಲ್ಲಿ ಕುಡಿಯುವಂಥದ್ದು ಏನನ್ನೂ ಹಾಕಬಾರದು, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎತ್ತರದ ಕಪಾಟಿನಲ್ಲಿ ಇಡಬೇಕು. ಬಿಸಿಲು ಎಪಾಕ್ಸಿಯನ್ನು ಕಾಲಕ್ರಮದಲ್ಲಿ ಹಳದಿ ಮಾಡುವುದರಿಂದ ಕಿಟಕಿಯ ಪಕ್ಕದ ಜಾಗ ಬೇಡ. ಆಟದ ಹೆಸರು, ಲಾಂಛನಗಳ ಹಕ್ಕು ಆಯಾ ಕಂಪನಿಗಳದ್ದು. ನಿಮ್ಮ ಸಂತೋಷಕ್ಕೆ ಮಾಡಿಕೊಳ್ಳುವುದಕ್ಕೂ ಅನುಮತಿಯಿಲ್ಲದೆ ಮಾರಾಟ ಮಾಡುವುದಕ್ಕೂ ಬಹಳ ಅಂತರವಿದೆ. ಮಾರಬೇಕೆಂದಿರುವವರು ಸ್ವಂತ ಆಕೃತಿಯ ಬಾಟಲಿ ರಚಿಸಲಿ.

ಅಚ್ಚಿನ ಎರಡೂ ಅರ್ಧಗಳನ್ನು ಸೇರಿಸಿ, ಒಳಗೆ ಒಂದು ಎರಕವನ್ನು ಹಾಗೆಯೇ ಬಿಟ್ಟು, ಸಮತಟ್ಟಾದ ಜಾಗದಲ್ಲಿ ನೆರಳಿನಲ್ಲಿಡಿ. ಆಗ ಅದರ ಆಕಾರ ಬಾಗುವುದಿಲ್ಲ. ಟಿನ್ ವರ್ಗದ ಸಿಲಿಕೋನ್ ಬಳಸದೆ ಇಟ್ಟರೂ ವರ್ಷಗಳು ಕಳೆದಂತೆ ಕುಗ್ಗಿ ಪೆಡಸಾಗುತ್ತದೆ, ಎಪಾಕ್ಸಿ ಎರೆದಂತೆಲ್ಲ ಅದರ ಒಳಮೈಯ ಹೊಳಪೂ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಹೊಳಪು ಕೊಟ್ಟ ಮೂಲಮಾದರಿಯನ್ನು ಮೃದುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೀರು ಬೀಳದಂತೆ ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಮುಂದಿನ ಅಚ್ಚನ್ನು ಅದರಿಂದಲೇ ತೆಗೆಯಬೇಕು.