ಜಾಹೀರಾತಿನ ಮೇಜಿನಲ್ಲಿ ಕನ್ನಡದ ಜಾಗ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ವಿನ್ಯಾಸ ಕಲಿಯುತ್ತಿರುವ ನಾನು, ಇತ್ತೀಚೆಗೆ ನಮ್ಮ ತರಗತಿಯವರೊಂದಿಗೆ ನಗರದ ಒಂದು ಜಾಹೀರಾತು ಸಂಸ್ಥೆಗೆ ಹೋಗಿದ್ದೆ. ಅಲ್ಲಿ ಕಂಡದ್ದರಲ್ಲಿ ಬಹುಪಾಲು ನಮ್ಮ ಪಾಠಗಳಲ್ಲಿ ಮೊದಲೇ ಬಂದಿತ್ತು. ಬಾರದೆ ಉಳಿದಿದ್ದ ವಿಷಯ ಒಂದೇ. ಪತ್ರಿಕೆಯಲ್ಲಿ, ಬಸ್ಸಿನ ಮೈಮೇಲೆ, ಮೆಟ್ರೋ ನಿಲ್ದಾಣದ ಗೋಡೆಯಲ್ಲಿ ನಾವು ದಿನವೂ ಓದುವ ಕನ್ನಡ ಜಾಹೀರಾತು ತಯಾರಾಗುವಾಗ, ಆ ಕೆಲಸದೊಳಕ್ಕೆ ಕನ್ನಡ ಯಾವ ಹಂತದಲ್ಲಿ ಬರುತ್ತದೆ ಎಂಬುದು. ಅದರ ಬಗ್ಗೆಯೇ ಇಂದು ಮಾತನಾಡಬೇಕೆಂದಿದ್ದೇನೆ.

ಸಂಸ್ಥೆಯ ಒಳರಚನೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಗ್ರಾಹಕ ಕಂಪನಿಗಳೊಡನೆ ವ್ಯವಹರಿಸುವವರು ಒಂದು ಕಡೆ, ಯಾವ ಪತ್ರಿಕೆಯಲ್ಲಿ ಯಾವ ದಿನ ಎಷ್ಟು ಜಾಗ ಕೊಳ್ಳಬೇಕೆಂದು ಲೆಕ್ಕ ಹಾಕುವವರು ಇನ್ನೊಂದು ಕಡೆ, ಬರೆಯುವವರು ಮತ್ತು ಚಿತ್ರಿಸುವವರು ಮತ್ತೊಂದು ಕಡೆ ಕುಳಿತಿರುತ್ತಾರೆ. ಇವರೆಲ್ಲರ ಕೆಲಸ ಕೊನೆಗೆ ಬಂದು ಸೇರುವುದು ಸ್ಟುಡಿಯೊ ಎಂದು ಕರೆಯುವ ಕೋಣೆಗೆ. ಅಚ್ಚಿಗೆ ಹೋಗುವ ಕಡತ ಅಲ್ಲಿ ಸಿದ್ಧವಾಗುತ್ತದೆ.

ನಮಗೆ ಮೊದಲು ತೋರಿಸಿದ್ದು ಬ್ರೀಫ್. ಒಂದು ಅಡುಗೆ ಎಣ್ಣೆಯ ಜಾಹೀರಾತಿಗಾಗಿ ಬರೆದಿದ್ದ, ಒಂದೇ ಪುಟದ ಕಾಗದ ಅದು. ನಾವು ಯಾರೊಡನೆ ಮಾತನಾಡುತ್ತಿದ್ದೇವೆ, ಅವರು ಈಗ ಏನೆಂದುಕೊಂಡಿದ್ದಾರೆ, ಜಾಹೀರಾತು ನೋಡಿದ ಮೇಲೆ ಏನೆಂದುಕೊಳ್ಳಬೇಕು, ಅವರಿಗೆ ಹೇಳಬೇಕಾದ ಒಂದೇ ಒಂದು ಮಾತು ಯಾವುದು, ಅದನ್ನು ಅವರು ಏಕೆ ನಂಬಬೇಕು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿತ್ತು. ಬಣ್ಣ, ಅಕ್ಷರ, ಚಿತ್ರಗಳ ಮಾತೇ ಅದರಲ್ಲಿರಲಿಲ್ಲ. ತರಗತಿಯಲ್ಲಿ ಕೆಲಸ ಕೊಟ್ಟ ಕೂಡಲೇ ಪೆನ್ಸಿಲ್ ಹಿಡಿಯುವ ನಮಗೆ, ಇಷ್ಟು ನಿರ್ಧಾರಗಳು ಒಂದು ಗೆರೆಯೂ ಮೂಡುವ ಮೊದಲೇ ಆಗಿರುತ್ತವೆ ಎಂಬುದು ದೊಡ್ಡ ಪಾಠ.

ಬ್ರೀಫ್ ಕೈಗೆ ಬಂದ ಮೇಲೆ ಮಾತು ಬರೆಯುವ ಒಬ್ಬ ಕಾಪಿರೈಟರ್ ಮತ್ತು ಚಿತ್ರ ರೂಪಿಸುವ ಒಬ್ಬ ಆರ್ಟ್ ಡೈರೆಕ್ಟರ್ ಜೋಡಿಯಾಗಿ ಕೂರುತ್ತಾರೆ. ಇದು ಮೊದಲಿನಿಂದಲೂ ಇದ್ದ ಪದ್ಧತಿಯಲ್ಲ. ಹಿಂದೆ ಬರೆಯುವವರು ತಮ್ಮ ಸಾಲುಗಳನ್ನು ಬರೆದು ಮುಗಿಸಿ ಕಲಾ ವಿಭಾಗಕ್ಕೆ ಕಳುಹಿಸುತ್ತಿದ್ದರು. ಕಲಾವಿದರು ಅದಕ್ಕೆ ಚಿತ್ರ ಹೊಂದಿಸುತ್ತಿದ್ದರು. 1949ರಲ್ಲಿ ನ್ಯೂಯಾರ್ಕಿನಲ್ಲಿ ಡಾಯ್ಲ್ ಡೇನ್ ಬರ್ನ್‌ಬಾಕ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಬಿಲ್ ಬರ್ನ್‌ಬಾಕ್, ಇವರಿಬ್ಬರನ್ನೂ ಒಟ್ಟಿಗೆ ಕೂರಿಸಿ ಕೆಲಸ ಮಾಡಿಸಿದರು. ಹತ್ತು ವರ್ಷಗಳ ನಂತರ ಅದೇ ಸಂಸ್ಥೆ ಫೋಕ್ಸ್‌ವ್ಯಾಗನ್ ಕಾರಿಗೆ ಮಾಡಿದ ಜಾಹೀರಾತಿನಲ್ಲಿ ಇದರ ಫಲ ಕಾಣುತ್ತದೆ. ಹೆಚ್ಚುಕಡಿಮೆ ಖಾಲಿಯಾಗಿರುವ ಪುಟದಲ್ಲಿ ಪುಟಾಣಿ ಕಾರು, ಕೆಳಗೆ ಸಣ್ಣದಾಗಿಯೇ ಯೋಚಿಸಿ ಎನ್ನುವ ಶೀರ್ಷಿಕೆ. ಮಾತನ್ನು ತೆಗೆದರೆ ಚಿತ್ರ ನಿಲ್ಲುವುದಿಲ್ಲ, ಚಿತ್ರವನ್ನು ತೆಗೆದರೆ ಮಾತು ನಿಲ್ಲುವುದಿಲ್ಲ. ಇಬ್ಬರು ಒಂದೇ ಮೇಜಿನಲ್ಲಿ ಕುಳಿತು ಯೋಚಿಸದೆ ಇಂಥದ್ದು ಹುಟ್ಟುವುದು ಕಷ್ಟ ಎಂದು ನಾನು ನಂಬುತ್ತೇನೆ. ನಾವು ನೋಡಿದ ಸಂಸ್ಥೆಯಲ್ಲೂ ಜೋಡಿಗಳು ಹಾಗೆಯೇ ಕುಳಿತಿದ್ದವು. ಆದರೆ ಅವರು ಯೋಚಿಸುತ್ತಿದ್ದುದು ಇಂಗ್ಲಿಷಿನಲ್ಲಿ.

ಮಧ್ಯಾಹ್ನ ನಮ್ಮನ್ನು ಸ್ಟುಡಿಯೊಗೆ ಕರೆದೊಯ್ದರು. ಅಲ್ಲಿನ ಹಿರಿಯ ಕಲಾವಿದರೊಬ್ಬರು ಅದೇ ಎಣ್ಣೆಯ ಜಾಹೀರಾತಿನ ಕನ್ನಡ ರೂಪವನ್ನು ಹೊಂದಿಸುತ್ತಿದ್ದರು. ಇಂಗ್ಲಿಷ್ ಲೇಔಟ್‌ಗೆ ಅಂದರೆ ಚಿತ್ರ, ಮಾತುಗಳನ್ನು ಪುಟದಲ್ಲಿ ಜೋಡಿಸಿದ ವಿನ್ಯಾಸಕ್ಕೆ, ಕಂಪನಿಯ ಒಪ್ಪಿಗೆ ಸಿಕ್ಕಿಯಾಗಿತ್ತು. ಕನ್ನಡದ ಸಾಲುಗಳು ಹೊರಗಿನ ಬರಹಗಾರರೊಬ್ಬರಿಂದ ಮಿಂಚಂಚೆಯಲ್ಲಿ ಬಂದಿದ್ದವು. ಆ ಬರಹಗಾರರು ಲೇಔಟನ್ನು ನೋಡಿರಲಿಲ್ಲ. ಶೀರ್ಷಿಕೆಯಲ್ಲಿ ‘ಸ್ವಾಸ್ಥ್ಯಕ್ಕೆ’ ಎಂಬ ಪದವಿತ್ತು. ಬಾನುಲಿಯಲ್ಲಿ ಅಕ್ಷರವನ್ನು ತೋರಿಸಲಾಗದು, ಆದ್ದರಿಂದ ದಯವಿಟ್ಟು ನೀವೇ ಈ ಪದವನ್ನು ಮನಸ್ಸಿನಲ್ಲಿ ಬರೆದು ನೋಡಿ. ಮೊದಲಕ್ಷರಕ್ಕೆ ವಕಾರದ ಒತ್ತು, ಎರಡನೆಯದಕ್ಕೆ ಥಕಾರ ಯಕಾರಗಳೆರಡರ ಒತ್ತು, ಮೂರನೆಯದಕ್ಕೆ ಕಕಾರದ ಒತ್ತು. ಪದದ ಅರ್ಧ ಜೀವ ಸಾಲಿನ ಕೆಳಗಿದೆ. ಇಂಗ್ಲಿಷಿನ ಅಳತೆಯಲ್ಲಿ ಬಿಟ್ಟಿದ್ದ ಸಾಲಂತರದಲ್ಲಿ ಈ ಒತ್ತುಗಳು ಕೆಳಸಾಲಿನ ತಲೆಕಟ್ಟು, ಗುಡಿಸುಗಳ ಮೇಲೆ ಹೋಗಿ ಕುಳಿತಿದ್ದವು.

“ನೋಡಮ್ಮ, ಒತ್ತಿಗೆ ಜಾಗವೇ ಇಲ್ಲ. ಚಿತ್ರವನ್ನು ಸ್ವಲ್ಪ ಮೇಲಕ್ಕೆ ಸರಿಸೋಣವೆಂದರೆ ಅದಕ್ಕೆ ಆಗಲೇ ಒಪ್ಪಿಗೆ ಆಗಿಬಿಟ್ಟಿದೆ” ಎಂದರು ಅವರು. ಕಂಪನಿಯ ಲಾಂಛನದ ಅಳತೆಯನ್ನೂ ಮುಟ್ಟುವಂತಿರಲಿಲ್ಲ. ಜಾಗವನ್ನು ಹೆಚ್ಚಿಸೋಣವೆಂದರೆ ಪತ್ರಿಕೆಯಲ್ಲಿ ಜಾಗ ಮಾರಾಟವಾಗುವುದು ಚದರ ಸೆಂಟಿಮೀಟರಿನ ಲೆಕ್ಕದಲ್ಲಿ. ಒಂದು ಸಾಲಿನಷ್ಟು ಎತ್ತರ ಹೆಚ್ಚಿದರೂ ಹಣ ಹೆಚ್ಚುತ್ತದೆ. ಉಳಿದದ್ದು ಅಕ್ಷರವನ್ನು ಕಿರಿದು ಮಾಡುವುದೊಂದೇ. ಅವರು ಹಾಗೆಯೇ ಮಾಡಿದರು. ಮಾಡಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಶೀರ್ಷಿಕೆ ಇದ್ದದ್ದು ಕಡುಕಂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ. ಪತ್ರಿಕೆಯ ಕಾಗದ ಶಾಯಿಯನ್ನು ಹೀರಿಕೊಂಡು ಹರಡುತ್ತದೆ. ನಾಲ್ಕು ಬಣ್ಣಗಳ ಅಚ್ಚು ಕೂದಲೆಳೆಯಷ್ಟು ಆಚೀಚೆಯಾದರೂ ಬಿಳಿಯ ತೆಳು ಗೆರೆಗಳು ಮುಚ್ಚಿಹೋಗುತ್ತವೆ. ಅಕ್ಷರ ಕಿರಿದಾದಾಗ ಮೊದಲು ಮುಚ್ಚುವುದು ಒತ್ತುಗಳ ಹೊಟ್ಟೆಯೇ. ಅವರು ದಪ್ಪ ಫಾಂಟಿಗೆ ಬದಲಾಯಿಸಿ, ಕಂಪ್ಯೂಟರಿನ ತೆರೆಯ ಮೇಲೆ ದೊಡ್ಡದಾಗಿಸಿ ನೋಡಿ, ಒಂದೊಂದು ಒತ್ತನ್ನೂ ಬೇರೆಯಾಗಿ ಒಂದಿಷ್ಟು ಸರಿಸಿದರು. ಆ ತಾಳ್ಮೆಯನ್ನು ನೋಡುತ್ತ ನಿಂತ ನಮಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಆ ಹಿರಿಯರು ಕಂಪ್ಯೂಟರಿಗೆ ಬರುವ ಮೊದಲು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವರು. ಗೋಡೆಯ ಮೇಲೆ ದಾರ ಹಿಡಿದು ಗೆರೆ ಹಾಕುವಾಗಲೇ ಒತ್ತಿಗೆಂದು ಜಾಗ ಬಿಡುತ್ತಿದ್ದರಂತೆ. ಯಾವ ಪದದ ಕೆಳಗೆ ಯಾವ ಪದ ಬರುತ್ತದೆ ಎಂದು ಮೊದಲು ನೋಡಿಕೊಂಡು, ಆಮೇಲೆ ಅಕ್ಷರದ ಎತ್ತರವನ್ನು ಗೊತ್ತುಮಾಡುತ್ತಿದ್ದರಂತೆ. ಅದು ನಿಜವಾದ ವಿನ್ಯಾಸ ಜ್ಞಾನ. ಇದನ್ನು ಕಲಿಸಬಲ್ಲವರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. ಅವರನ್ನು ಕಾಲೇಜುಗಳು ಕರೆಸಿ ಪಾಠ ಹೇಳಿಸಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ತಂತ್ರಾಂಶದ ಕಷ್ಟಗಳೂ ಇವೆ, ಆದರೆ ಅವು ಬಗೆಹರಿಯುವಂಥವು. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಯದಲ್ಲದ ಹಳೆಯ ಫಾಂಟಿನಲ್ಲಿ ಬಂದ ಬರಹವನ್ನು ಪರಿವರ್ತಿಸುವಾಗ ಒತ್ತಕ್ಷರಗಳು ಕೆಡುವುದುಂಟು. ಇನ್‌ಡಿಸೈನ್ ಎಂಬ ಪುಟ ಜೋಡಣೆಯ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಒತ್ತುಗಳು ಅಕ್ಷರವನ್ನು ಬಿಟ್ಟು ಬೇರೆ ನಿಲ್ಲುತ್ತವೆ. ಕನ್ನಡ ಓದಲು ಬರುವ ಒಬ್ಬರು ಕೊನೆಯಲ್ಲಿ ಕರಡು ತಿದ್ದಿದರೆ ಇಂಥ ತಪ್ಪುಗಳು ಸಿಕ್ಕಿಬೀಳುತ್ತವೆ. ಕೊನೆಯಲ್ಲಿ ಯಾರೂ ತಿದ್ದಲಾಗದ್ದು ಮೊದಲ ದಿನದ ನಿರ್ಧಾರವನ್ನು. ಬರೆಯುವವರನ್ನೂ ಚಿತ್ರಿಸುವವರನ್ನೂ ಒಂದೇ ಮೇಜಿಗೆ ತಂದ 1949ರ ಆ ಬದಲಾವಣೆ ನಾನು ಕಂಡ ಈ ಕನ್ನಡ ಜಾಹೀರಾತನ್ನು ತಲುಪಿರಲಿಲ್ಲ. ಕನ್ನಡ ಬರೆದವರು ಒಂದು ಕಡೆ, ಅದನ್ನು ಜೋಡಿಸುವವರು ಇನ್ನೊಂದು ಕಡೆ, ಇಬ್ಬರ ನಡುವೆ ಒಂದು ಮಿಂಚಂಚೆ ಮಾತ್ರ.

ವ್ಯಾಪಾರ ಮಳಿಗೆಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಅದನ್ನು ನಾನು ಮನಃಪೂರ್ವಕ ಸ್ವಾಗತಿಸುತ್ತೇನೆ. ಆದರೆ ಕಾನೂನು ಜಾಗವನ್ನು ಮಾತ್ರ ಕೊಡಿಸಬಲ್ಲದು. ಆ ಜಾಗದಲ್ಲಿ ಅಕ್ಷರ ಉಸಿರಾಡುವಂತೆ ಕೂರಿಸುವುದು ನಮ್ಮಂಥವರ ಹೊಣೆ. ನಗರದ ಎಷ್ಟೋ ಹೊಸ ಫಲಕಗಳಲ್ಲಿ ಕನ್ನಡವನ್ನು ಅಡ್ಡಕ್ಕೆ ಎಳೆದು, ಇಲ್ಲವೇ ಮೇಲಿನಿಂದ ಅದುಮಿ ಅಳತೆಗೆ ಹೊಂದಿಸಿರುವುದನ್ನು ನೋಡಿದಾಗ ನನಗೆ ನೋವಾಗುತ್ತದೆ.

ಸಂಸ್ಥೆಯ ಮುಖ್ಯಸ್ಥರನ್ನು ನಮ್ಮ ಮೇಡಂ, ಜಾಹೀರಾತಿನ ಕೆಲಸದಲ್ಲಿ ಕನ್ನಡ ಮೊದಲಿನಿಂದಲೇ ಏಕೆ ಸೇರುವುದಿಲ್ಲ ಎಂದು ನೇರವಾಗಿಯೇ ಕೇಳಿದರು. ಅವರ ಉತ್ತರ ಪ್ರಾಮಾಣಿಕವಾಗಿತ್ತು. ಪತ್ರಿಕಾ ಜಾಹೀರಾತಿನಲ್ಲಿ ಸಂಸ್ಥೆಗೆ ಸಾಂಪ್ರದಾಯಿಕವಾಗಿ ಸಿಗುವುದು ಜಾಗದ ಬೆಲೆಯ ಮೇಲೆ ಶೇಕಡ 15ರ ಕಮಿಷನ್. ಜಾಹೀರಾತು ಎಷ್ಟು ಭಾಷೆಗಳಲ್ಲಿ ಹೊಸದಾಗಿ ಯೋಚಿಸಲ್ಪಟ್ಟಿತು ಎಂಬುದಕ್ಕೆ ಬೇರೆ ಸಂಭಾವನೆಯಿಲ್ಲ. ಕರ್ನಾಟಕಕ್ಕೆಂದೇ ಮೀಸಲಾದ ಉತ್ಪನ್ನಗಳಿಗೆ ತಾವು ಕನ್ನಡದಲ್ಲಿಯೇ ಆರಂಭಿಸುವುದುಂಟು, ದೇಶವ್ಯಾಪಿ ಪ್ರಚಾರದಲ್ಲಿ ಅದು ಸಾಧ್ಯವಾಗುತ್ತಿಲ್ಲ ಎಂದರು. ಸಾಧ್ಯವಾಗದಿರುವುದಕ್ಕೆ ಹಣ ಒಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಮೊದಲ ಲೇಔಟನ್ನು ಮಾಡುವಾಗಲೇ ಶೀರ್ಷಿಕೆಯ ಕೆಳಗೆ ಒತ್ತಿನಷ್ಟು ಜಾಗ ಬಿಡುವುದಕ್ಕೆ, ಒಪ್ಪಿಗೆಗೆ ಕಳುಹಿಸುವಾಗ ಇಂಗ್ಲಿಷ್ ಪುಟದ ಜೊತೆಗೆ ಕನ್ನಡ ಪುಟವನ್ನೂ ಇಡುವುದಕ್ಕೆ, ಲೇಔಟನ್ನು ಕನ್ನಡ ಬರಹಗಾರರಿಗೆ ಮುಂಚಿತವಾಗಿ ತೋರಿಸುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಭೇಟಿಯ ನಂತರ ನಮ್ಮ ಮೇಡಂ ಈ ಸಲದ ತರಗತಿ ಕೆಲಸದ ಕ್ರಮವನ್ನು ಬದಲಾಯಿಸಿದ್ದಾರೆ. ಕನ್ನಡದಲ್ಲಿ ಬರೆಯಬಲ್ಲ ಒಬ್ಬರು, ಚಿತ್ರಿಸಬಲ್ಲ ಒಬ್ಬರು ಜೋಡಿಯಾಗಿ ಒಂದೇ ಬ್ರೀಫ್ ಓದಿ ಆರಂಭಿಸಬೇಕು; ಮೊದಲ ಲೇಔಟ್ ಕನ್ನಡದ್ದೇ ಆಗಿರಬೇಕು; ಅದನ್ನು ಪತ್ರಿಕೆಯ ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಅಚ್ಚು ಹಾಕಿಸಿ ತರಬೇಕು. ನನ್ನ ಜೋಡಿಗೆ ಸಿಕ್ಕಿರುವುದು ರಾಗಿ ಹುರಿಹಿಟ್ಟಿನ ಜಾಹೀರಾತು. ಶೀರ್ಷಿಕೆ ಇನ್ನೂ ಸಿಕ್ಕಿಲ್ಲ, ಆದರೆ ಸಾಲಂತರವನ್ನು ಗೊತ್ತುಮಾಡಿಕೊಂಡಿದ್ದೇವೆ.

ನಮಸ್ಕಾರ.